ಅತ್ತೆಗೊಂದು ಕಾಲ, ಹೊಸ ಆಟಗಾರ್ತಿಗೊಂದು ಕಾಲ

ಭಾನುವಾರ ಬೆಳಿಗ್ಗೆ ಆರೂವರೆಗೆ ಇಟ್ಟಮಡುವಿನ ಗಲ್ಲಿಗಳಲ್ಲಿ ಹಾಲಿನ ಗಾಡಿಯ ಸದ್ದು, ಪೇಪರ್ ಹುಡುಗರ ಸೈಕಲ್ಲು, ಬಾಗಿಲಿಗೆ ನೀರು ಹಾಕುವವರ ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಹೆಚ್ಚುಕಡಿಮೆ ತನ್ನಷ್ಟೇ ಎತ್ತರದ ಕ್ರಿಕೆಟ್ ಚೀಲವನ್ನು ಎಳೆದುಕೊಂಡು ಬಂದು ಆಟೋ ಹತ್ತುವುದು ಈಗ ಅಪರೂಪದ ನೋಟವೇನಲ್ಲ. ಹಿಂದೆಯೇ ನೀರಿನ ಬಾಟಲಿ, ತಿಂಡಿ ಡಬ್ಬಿ ಹಿಡಿದ ತಾಯಿ. ಎದುರುಮನೆಯವರು ರಂಗೋಲಿ ಬಿಡುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿ ಕೇಳುತ್ತಾರೆ: ‘ಏನ್ರೀ, ಇವಳೂ ಟೀವೀಲಿ ಬರ್ತಾಳಾ? ಹರಾಜಲ್ಲಿ ಕೋಟಿಗಟ್ಟಲೆ ಕೊಡ್ತಾರಂತಲ್ಲ!’

ಕೇಳುವವರಿಗೆ ಅದು ಕುಶಲೋಪರಿಯ ಮಾತು. ಆದರೆ ಅದರಲ್ಲಿ ಎರಡು ದೊಡ್ಡ ಪ್ರಶ್ನೆಗಳು ಅಡಗಿವೆ. ಒಂದು ಹೆಸರಿನದು, ಇನ್ನೊಂದು ಹಣದ್ದು. ಬಾಯಿಬಿಟ್ಟು ಯಾರೂ ಕೇಳದ ಮೂರನೆಯ ಪ್ರಶ್ನೆಯೂ ಒಂದಿದೆ. ಹೆಸರು ಬಂದ ಮೇಲೆ, ಹಣ ಬಂದ ಮೇಲೆ, ಆ ಹುಡುಗಿಯನ್ನು ಅಲ್ಲಿ ನೋಡಿಕೊಳ್ಳುವವರು ಯಾರು?

ಹೆಣ್ಣುಮಕ್ಕಳ ಆಟ ವೃತ್ತಿಯಾಗಿ ಬೆಳೆದ ಕಡೆಯಲ್ಲೆಲ್ಲ ಈ ಪ್ರಶ್ನೆ ಎದ್ದಿದೆ. ಲೀಗಿಗೆ ಮೊದಲ ಸಲ ಕಾಲಿಡುವ ಆಟಗಾರ್ತಿಯನ್ನು ಅಮೆರಿಕದವರು ‘ರೂಕಿ’ ಎನ್ನುತ್ತಾರೆ. ನಾವು ಹೊಸಬಳು ಎನ್ನೋಣ. ಹೊಸಬಳು ಸುಮ್ಮನೆ ಹೊಸಬಳಾಗಿದ್ದರೆ ತೊಂದರೆಯಿಲ್ಲ. ಮೂಲೆಯಲ್ಲಿ ಕುಳಿತು, ಹಿರಿಯರ ಆಟ ನೋಡಿ, ಒಂದೆರಡು ವರ್ಷದಲ್ಲಿ ತನ್ನ ಜಾಗ ಕಂಡುಕೊಳ್ಳುತ್ತಾಳೆ. ಬರುವ ಮೊದಲೇ ಊರಿಗೆಲ್ಲ ಪರಿಚಿತಳಾಗಿದ್ದರೆ ಕಥೆ ಬೇರೆ. ಜನ ಟಿಕೆಟ್ ಕೊಳ್ಳುವುದು ಅವಳಿಗಾಗಿ, ಕ್ಯಾಮೆರಾ ತಿರುಗುವುದು ಅವಳ ಕಡೆಗೆ. ಸಂಬಳದ ಪಟ್ಟಿಯಲ್ಲಿ ಮಾತ್ರ ಅವಳ ಹೆಸರು ಕೆಳಗೆಲ್ಲೋ ಇರುತ್ತದೆ.

ಇದಕ್ಕೆ ಇತ್ತೀಚಿನ ಎರಡು ಒಳ್ಳೆಯ ನಿದರ್ಶನಗಳಿವೆ. ಎರಡೂ 2024ರವು. ಒಂದು ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಡಬ್ಲ್ಯುಎನ್‌ಬಿಎದ್ದು, ಇನ್ನೊಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ್ದು.

ಪಾಲು ಹಂಚಿಕೆ, ಹರಾಜು

ಡಬ್ಲ್ಯುಎನ್‌ಬಿಎ 1996ರಲ್ಲಿ ಸ್ಥಾಪನೆಯಾಗಿ 1997ರಲ್ಲಿ ಆಟ ಆರಂಭಿಸಿತು. ಅಲ್ಲಿ ಹೊಸಬರನ್ನು ಹರಾಜು ಹಾಕುವುದಿಲ್ಲ. ಕಾಲೇಜು ಮುಗಿಸಿದ ಆಟಗಾರ್ತಿಯರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಹಿಂದೆ ಬಿದ್ದ ತಂಡಗಳಿಗೆ ಮೊದಲ ಸರದಿ ಸಿಗುವಂತೆ ವ್ಯವಸ್ಥೆ ಇರುವುದರಿಂದ ಇದು ಒಂದು ಬಗೆಯ ಪಾಲು ಹಂಚಿಕೆ. ಯಾರು ಎಷ್ಟನೆಯವರಾಗಿ ಆಯ್ಕೆಯಾದರೆ ಎಷ್ಟು ಸಂಬಳ ಎಂಬುದು ಮೊದಲೇ ಬರೆದಿಟ್ಟ ಪಟ್ಟಿಯಲ್ಲಿರುತ್ತದೆ. ಚೌಕಾಸಿಗೆ ಅವಕಾಶವಿಲ್ಲ.

2024ರ ಏಪ್ರಿಲ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದವರು ಅಯೋವಾ ವಿಶ್ವವಿದ್ಯಾಲಯದ ಕೈಟ್ಲಿನ್ ಕ್ಲಾರ್ಕ್. ಕಾಲೇಜು ಆಟದಲ್ಲಿ 3,951 ಅಂಕ ಗಳಿಸಿ, ಅಲ್ಲಿನ ಅಗ್ರ ವಿಭಾಗದಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರ ದಾಖಲೆಯನ್ನೂ ಮುರಿದಿದ್ದವರು. ಆ ವರ್ಷ ಅವರಾಡಿದ ಕಾಲೇಜು ಫೈನಲ್ ಪಂದ್ಯವನ್ನು ಟೀವಿಯಲ್ಲಿ ನೋಡಿದವರು 1 ಕೋಟಿ 80 ಲಕ್ಷಕ್ಕೂ ಹೆಚ್ಚು. ಪುರುಷರ ಫೈನಲ್ ನೋಡಿದವರು ಅದಕ್ಕಿಂತ ಕಡಿಮೆ. ಅಂಥ ಆಟಗಾರ್ತಿಗೆ ಇಂಡಿಯಾನಾ ಫೀವರ್ ತಂಡ ಮೊದಲ ವರ್ಷಕ್ಕೆ ಕೊಟ್ಟ ಸಂಬಳ 76,535 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 64 ಲಕ್ಷ ರೂಪಾಯಿ. ಹಿಂದಿನ ವರ್ಷ ಪುರುಷರ ಲೀಗಿನಲ್ಲಿ ಮೊದಲನೆಯವರಾಗಿ ಆಯ್ಕೆಯಾದ ವಿಕ್ಟರ್ ವೆಂಬನ್ಯಾಮಾ ಅವರಿಗೆ ಮೊದಲ ವರ್ಷ ಸಿಕ್ಕಿದ್ದು 1 ಕೋಟಿ 20 ಲಕ್ಷ ಡಾಲರಿಗೂ ಮಿಗಿಲು!

ಕ್ಲಾರ್ಕ್ ಬಡವರಾಗಿ ಉಳಿದರೆಂದಲ್ಲ. ಬೂಟು, ಪಾನೀಯ, ವಿಮೆ ಕಂಪನಿಗಳ ಜಾಹೀರಾತಿನಿಂದ ಅವರಿಗೆ ಸಂಬಳದ ಹತ್ತಾರು ಪಟ್ಟು ಹಣ ಬಂತು. ಆದರೆ ಆ ಹಣ ಲೀಗಿನದಲ್ಲ. ಲೀಗು ಪಡೆದದ್ದು ಬಹಳ, ಕೊಟ್ಟದ್ದು ಸ್ವಲ್ಪ. 2023ರಲ್ಲಿ ಇಂಡಿಯಾನಾ ತಂಡದ ತವರಿನ ಪಂದ್ಯಕ್ಕೆ ಸರಾಸರಿ ನಾಲ್ಕು ಸಾವಿರ ಜನ ಬರುತ್ತಿದ್ದರು. 2024ರಲ್ಲಿ ಅದು ಹದಿನೇಳು ಸಾವಿರಕ್ಕೆ ಏರಿತು. ಆ ವರ್ಷದ ಜುಲೈನಲ್ಲಿ ಲೀಗು 11 ವರ್ಷಗಳಿಗೆ 220 ಕೋಟಿ ಡಾಲರ್ ಮೊತ್ತದ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ಆಟಗಾರ್ತಿಯರ ಸಂಘ ಹಳೆಯ ವೇತನ ಒಪ್ಪಂದದಿಂದ ಹೊರಬರುವುದಾಗಿ ನೋಟಿಸು ಕೊಟ್ಟಿತು. ಮನೆಗೆ ಲಕ್ಷ್ಮಿ ಬಂದಿದ್ದಾಳೆ, ಪಾಲು ಎಲ್ಲಿ ಎಂಬುದು ಅವರ ಪ್ರಶ್ನೆಯಾಗಿತ್ತು.

ನಮ್ಮ ಮಹಿಳಾ ಪ್ರೀಮಿಯರ್ ಲೀಗ್ ಹಿಡಿದದ್ದು ಹರಾಜಿನ ದಾರಿ. 2023ರ ಜನವರಿಯಲ್ಲಿ ಐದು ತಂಡಗಳ ಮಾರಾಟದಿಂದ ಭಾರತೀಯ ಕ್ರಿಕೆಟ್ ಮಂಡಳಿಗೆ ಬಂದ ಮೊತ್ತ 4,669.99 ಕೋಟಿ ರೂಪಾಯಿ. ಬೆಂಗಳೂರಿನ ತಂಡವೊಂದೇ 901 ಕೋಟಿಗೆ ಹೋಯಿತು. ಐದು ವರ್ಷದ ಪ್ರಸಾರ ಹಕ್ಕಿನಿಂದ ಇನ್ನೂ 951 ಕೋಟಿ. ಆದರೆ ಮೊದಲ ವರ್ಷ ಒಂದು ತಂಡ ಆಟಗಾರ್ತಿಯರಿಗೆ ಖರ್ಚು ಮಾಡಬಹುದಾಗಿದ್ದ ಮಿತಿ 12 ಕೋಟಿ. ಸ್ಮೃತಿ ಮಂದಾನ ಅವರಿಗೆ 3 ಕೋಟಿ 40 ಲಕ್ಷ ಕೊಟ್ಟ ಬೆಂಗಳೂರು ತಂಡ, ಇಪ್ಪತ್ತರ ಹರೆಯದ ಆಫ್‌ಸ್ಪಿನ್ನರ್ ಶ್ರೇಯಾಂಕಾ ಪಾಟೀಲ್ ಅವರನ್ನು ಮೂಲ ಬೆಲೆಯಾದ 10 ಲಕ್ಷಕ್ಕೆ ತೆಗೆದುಕೊಂಡಿತು.

ಆ ವರ್ಷದ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಉದಯೋನ್ಮುಖ ಆಟಗಾರ್ತಿಯರ ಏಷ್ಯಾ ಕಪ್ ನಡೆಯಿತು. ಬಾಂಗ್ಲಾದೇಶದ ಎದುರಿನ ಫೈನಲ್‌ನಲ್ಲಿ ಭಾರತ ‘ಎ’ ಪರ 36 ರನ್ ಹೊಡೆದವರು ಬೆಂಗಳೂರಿನ ವೃಂದಾ ದಿನೇಶ್. 13 ರನ್‌ಗೆ 4 ವಿಕೆಟ್ ಕಿತ್ತವರು ಶ್ರೇಯಾಂಕಾ. ಇಬ್ಬರೂ ಕರ್ನಾಟಕದವರೇ, ಆಡಿದ್ದೂ ಒಂದೇ ಪಂದ್ಯ. ಆದರೆ ಡಿಸೆಂಬರ್‌ನ ಹರಾಜಿನಲ್ಲಿ ವೃಂದಾ ಅವರ ಹೆಸರು ಬಂದಾಗ 10 ಲಕ್ಷದಿಂದ ಆರಂಭವಾದ ಕೂಗು 1 ಕೋಟಿ 30 ಲಕ್ಷಕ್ಕೆ ನಿಂತಿತು. ಯುಪಿ ವಾರಿಯರ್ಸ್ ತಂಡ ಅವರನ್ನು ಪಡೆಯಿತು. ಭಾರತದ ಪರ ಒಂದು ಪಂದ್ಯವನ್ನೂ ಆಡಿರದ ಹುಡುಗಿಗೆ ಅದು ನಿಮಿಷಗಳಲ್ಲಿ ಕೂಡಿಬಂದ ಸಂಪತ್ತು. ಅತ್ತ ಶ್ರೇಯಾಂಕಾ ಮೊದಲ ಹರಾಜಿನ ಕರಾರಿನಲ್ಲೇ ಇದ್ದುದರಿಂದ 10 ಲಕ್ಷದಲ್ಲೇ ಉಳಿದರು. 2024ರಲ್ಲಿ ಲೀಗಿನ ಅತಿ ಹೆಚ್ಚು ವಿಕೆಟ್ ಅವರದಾದಾಗಲೂ ಬೆಲೆ ಅಷ್ಟೇ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ನಿಯಮವೇ ಹಾಗಿತ್ತು. ಅಮೆರಿಕದ ಪಟ್ಟಿ ಎಲ್ಲ ಹೊಸಬರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದು ಕಡಿಮೆ ಕೊಡುತ್ತದೆ. ನಮ್ಮ ಹರಾಜು ಒಬ್ಬಳ ತಲೆಯ ಮೇಲೆ ಹೂಮಳೆ ಸುರಿಸಿ ಪಕ್ಕದವಳನ್ನು ಒಣಗಿಸಿ ಬಿಡುತ್ತದೆ. ಹರಾಜಿನ ದಿನ ಯಾವ ತಂಡಕ್ಕೆ ಎಂಥ ಆಟಗಾರ್ತಿ ಬೇಕಾಗಿದ್ದಳು, ಯಾರ ಚೀಲದಲ್ಲಿ ಎಷ್ಟು ಹಣ ಉಳಿದಿತ್ತು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಆಟದ ಯೋಗ್ಯತೆ ಅದರಲ್ಲಿ ಒಂದು ಅಂಶ ಮಾತ್ರ. ಎದುರುಮನೆಯವರು ‘ಕೋಟಿ ಕೊಡ್ತಾರಂತಲ್ಲ’ ಎನ್ನುವಾಗ ಅವರ ಕಣ್ಣಮುಂದಿರುವುದು ಹೂಮಳೆಯಲ್ಲಿ ನೆನೆದ ಒಬ್ಬಳು. 10 ಲಕ್ಷದ ಮೂಲ ಬೆಲೆಯವರು, ಹೆಸರು ಕರೆದರೂ ಯಾರೂ ಕೈಯೆತ್ತದೆ ಹಿಂದಿರುಗಿದವರು ಅವರಿಗೆ ಕಾಣಿಸುವುದಿಲ್ಲ.

ಹಿರಿಯರು ತುಳಿದ ಹಾದಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ನಮ್ಮಲ್ಲಿದೆ. ಹೊಸ ಸೊಸೆ ಬಂದಾಗ ಮನೆಯ ಹಿರಿಯ ಹೆಂಗಸರ ಮನಸ್ಸಿನಲ್ಲಿ ಏಳುವ ತಳಮಳವನ್ನು ಬಲ್ಲವರಿಗೆ ಲೀಗಿನ ಒಳಗಿನ ತಳಮಳವೂ ಅರ್ಥವಾಗುತ್ತದೆ.

ಕ್ಲಾರ್ಕ್ ಬಂದಾಗ ಅಮೆರಿಕದ ಹಿರಿಯ ಆಟಗಾರ್ತಿಯರು ಹಾರ ತುರಾಯಿ ಹಿಡಿದು ನಿಲ್ಲಲಿಲ್ಲ. ಇಲ್ಲಿನ ಆಟ ಕಾಲೇಜಿನಂತಲ್ಲ ಎಂದು ಕೆಲವರು ಮೊದಲೇ ಎಚ್ಚರಿಸಿದರು. 2024ರ ಜೂನ್ 1ರಂದು ಷಿಕಾಗೊ ಸ್ಕೈ ತಂಡದ ಚೆನೆಡಿ ಕಾರ್ಟರ್, ಚೆಂಡು ಇನ್ನೂ ಆಟಕ್ಕೆ ಬರುವ ಮೊದಲೇ ಕ್ಲಾರ್ಕ್ ಅವರನ್ನು ಭುಜದಿಂದ ಗುದ್ದಿ ಕೆಡವಿದರು. ಅಂಪೈರುಗಳು ಅದನ್ನು ಸಾಮಾನ್ಯ ಫೌಲ್ ಎಂದರು. ಮರುದಿನ ಲೀಗು ಅದನ್ನು ಗಂಭೀರ ಫೌಲಿನ ದರ್ಜೆಗೆ ಏರಿಸಿತು. ಹೊಸಬಳ ಮೇಲೆ ಹೊಟ್ಟೆಕಿಚ್ಚು ಎಂದು ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು.

ಹೊಟ್ಟೆಕಿಚ್ಚು ಇದ್ದಿರಲೂಬಹುದು. ಆದರೆ ಆ ಹಿರಿಯರ ಹಿಂದಿನ ಕಥೆಯನ್ನೂ ನೋಡಬೇಕು. ಲೀಗಿನ ಸಂಬಳ ಸಾಲದೆ ಅವರಲ್ಲಿ ಅನೇಕರು ಬೇಸಿಗೆಯಲ್ಲಿ ಅಮೆರಿಕದಲ್ಲೂ ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಗಳಲ್ಲೂ ಆಡಿ ಬದುಕಿದವರು. ರಷ್ಯಾದ ಕ್ಲಬ್ಬೊಂದು ಕೊಡುತ್ತಿದ್ದ ಹಣಕ್ಕೆ ಹೋಲಿಸಿದರೆ ತವರಿನ ಸಂಬಳ ಏನೇನೂ ಅಲ್ಲವಾದ್ದರಿಂದ ಡಯಾನಾ ಟೌರಾಸಿಯಂಥ ಮಹಾನ್ ಆಟಗಾರ್ತಿ 2015ರ ಡಬ್ಲ್ಯುಎನ್‌ಬಿಎ ಋತುವನ್ನೇ ಬಿಟ್ಟು ವಿಶ್ರಾಂತಿ ಪಡೆದರು. 2022ರಲ್ಲಿ ಬ್ರಿಟ್ನಿ ಗ್ರೈನರ್ ರಷ್ಯಾದಲ್ಲಿ ಬಂಧನಕ್ಕೊಳಗಾಗಿ ಹತ್ತು ತಿಂಗಳು ಸೆರೆಯಲ್ಲಿದ್ದುದಕ್ಕೂ ಮೂಲ ಕಾರಣ ಈ ಹೊಟ್ಟೆಪಾಡಿನ ಪಯಣವೇ. ಇಪ್ಪತ್ತೇಳು ವರ್ಷ ಹೀಗೆ ಹೆಣಗಿ ಕಟ್ಟಿದ ಮನೆಯನ್ನು ‘ಈ ಹುಡುಗಿ ಬಂದ ಮೇಲೆಯೇ ಇದು ಮನೆಯಾಯಿತು’ ಎಂದು ಹೊರಗಿನವರು ಹೊಗಳಿದರೆ ಮನಸ್ಸು ಕಹಿಯಾಗದೆ ಇರುತ್ತದೆಯೇ?

ಪ್ಯಾರಿಸ್ ಒಲಿಂಪಿಕ್ಸ್‌ಗೆ ಆಯ್ಕೆಯಾದ ಅಮೆರಿಕ ತಂಡದಲ್ಲಿ ಕ್ಲಾರ್ಕ್ ಇರಲಿಲ್ಲ. ಜನಪ್ರಿಯತೆ ಬೇರೆ, ಸರದಿ ಬೇರೆ ಎಂದು ಆಯ್ಕೆಗಾರರು ನಿರ್ಧರಿಸಿದಂತಿತ್ತು. ಆ ತಂಡ ಫೈನಲ್‌ನಲ್ಲಿ ಫ್ರಾನ್ಸ್ ಎದುರು 67–66ರಲ್ಲಿ, ಒಂದೇ ಅಂಕದ ಅಂತರದಲ್ಲಿ ಗೆದ್ದು ಚಿನ್ನ ತಂದಿತು.

ನಮ್ಮಲ್ಲಿ ಆದದ್ದು ಇದಕ್ಕೆ ವಿರುದ್ಧ. ಲೀಗಿನಲ್ಲಿ ಹೆಸರು ಮಾಡಿದ ಒಂದೇ ವರ್ಷದೊಳಗೆ, 2023ರ ಡಿಸೆಂಬರ್ 6ರಂದು, ಶ್ರೇಯಾಂಕಾ ವಾಂಖೆಡೆಯಲ್ಲಿ ಇಂಗ್ಲೆಂಡ್ ಎದುರು ಭಾರತದ ಪರ ಆಡಿದರು. ಅದಕ್ಕೂ ಮೊದಲೇ ಕೆರಿಬಿಯನ್ ಲೀಗಿನ ಗಯಾನಾ ತಂಡ ಅವರನ್ನು ಕರೆಸಿಕೊಂಡಿತ್ತು. ದೇಶದ ತಂಡಕ್ಕೆ ಆಡುವ ಮೊದಲೇ ಹೊರದೇಶದ ಲೀಗಿಗೆ ಹೋದ ಮೊದಲ ಭಾರತೀಯ ಆಟಗಾರ್ತಿ ಅವರು. ಅಲ್ಲಿಯೂ ಹೆಚ್ಚು ವಿಕೆಟ್ ಅವರದೇ.

ಇಷ್ಟು ಸಲೀಸಾಗಿ ಬಾಗಿಲು ತೆರೆದುದಕ್ಕೆ ಕಾರಣ ನಮ್ಮ ಹಿರಿಯರ ಮನಸ್ಸು ದೊಡ್ಡದೆಂಬುದು ಮಾತ್ರವಲ್ಲ. ನಮ್ಮ ಹಿರಿಯರಿಗೆ ಕಾಪಾಡಿಕೊಳ್ಳಲು ಲೀಗೆಂಬ ಮನೆಯೇ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಶಾಂತಾ ರಂಗಸ್ವಾಮಿ 1976ರ ಅಕ್ಟೋಬರ್ 31ರಂದು ಇದೇ ಚಿನ್ನಸ್ವಾಮಿ ಅಂಗಳದಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತ ಮಹಿಳಾ ತಂಡವನ್ನು ಅದರ ಮೊದಲ ಟೆಸ್ಟ್‌ಗೆ ಮುನ್ನಡೆಸಿದರು. ಮುಂದಿನ ಜನವರಿಯಲ್ಲಿ ಡುನೆಡಿನ್‌ನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಹೊಡೆದರು. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಪಯಣಿಸಿ, ಸಾಲುಹಾಸಿಗೆಯ ಕೊಠಡಿಗಳಲ್ಲಿ ಮಲಗಿ, ಒಂದೇ ಬ್ಯಾಟನ್ನು ಹಂಚಿಕೊಂಡು ಆಡಿದ ದಿನಗಳನ್ನು ಆ ಪೀಳಿಗೆಯವರು ಇಂದಿಗೂ ನೆನೆಯುತ್ತಾರೆ. 2005ರಲ್ಲಿ ವಿಶ್ವಕಪ್ ಫೈನಲ್ ತಲುಪಿದ ತಂಡಕ್ಕೂ ಪಂದ್ಯಕ್ಕೆ ಸಾವಿರ ರೂಪಾಯಿಯಷ್ಟೇ ಸಿಕ್ಕಿತ್ತೆಂದು ಮಿಥಾಲಿ ರಾಜ್ ಹೇಳಿದ್ದಾರೆ.

ಕಡೂರಿನ ವೇದಾ ಕೃಷ್ಣಮೂರ್ತಿ 2011ರ ಜೂನ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಇಂಗ್ಲೆಂಡ್ ಎದುರು ಮೊದಲ ಏಕದಿನ ಪಂದ್ಯದಲ್ಲೇ 51 ರನ್ ಹೊಡೆದರು. ಇಂದು ಹಾಗೆ ಹೊಡೆದವಳನ್ನು ಐದು ತಂಡಗಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತವೆ. ಅಂದು ಕಾಯುವವರಿರಲಿಲ್ಲ. ಮಹಿಳೆಯರಿಗೆ ಮಂಡಳಿಯ ವಾರ್ಷಿಕ ಕರಾರು ಬಂದದ್ದೇ 2015ರಲ್ಲಿ. ವೇದಾ ಅವರಿಗೆ ಮಹಿಳಾ ಪ್ರೀಮಿಯರ್ ಲೀಗ್ ಆಡುವ ಅವಕಾಶ ಸಿಕ್ಕಿದ್ದು 2024ರಲ್ಲಿ, ಮೂವತ್ತು ದಾಟಿದ ಮೇಲೆ. ಮರುವರ್ಷ ಅವರು ನಿವೃತ್ತರಾದರು.

ಹೊಸಬಳೆಂದರೆ ಎಳೆಯವಳೇ ಆಗಬೇಕಿಲ್ಲ ಎಂಬುದಕ್ಕೂ ಬೆಂಗಳೂರು ತಂಡದಲ್ಲೇ ಸಾಕ್ಷಿಯಿದೆ. ಕೇರಳದ ಲೆಗ್‌ಸ್ಪಿನ್ನರ್ ಆಶಾ ಶೋಭನಾ ವರ್ಷಾನುಗಟ್ಟಲೆ ದೇಶೀ ಕ್ರಿಕೆಟ್ ಆಡಿ, ಲೀಗು ಆರಂಭವಾದಾಗ ಮೂವತ್ತೊಂದು ದಾಟಿದ್ದರು. ಅವರ ಬೆಲೆಯೂ 10 ಲಕ್ಷ. 2024ರ ಫೆಬ್ರುವರಿ 24ರಂದು ಚಿನ್ನಸ್ವಾಮಿಯಲ್ಲಿ ಯುಪಿ ತಂಡದ ಎದುರು 22 ರನ್‌ಗೆ 5 ವಿಕೆಟ್ ಪಡೆದು, ಈ ಲೀಗಿನಲ್ಲಿ ಐದು ವಿಕೆಟ್ ಗೊಂಚಲು ಕಂಡ ಮೊದಲ ಭಾರತೀಯಳೆನಿಸಿದರು. ಆ ಮೇ ತಿಂಗಳಲ್ಲಿ, 33ರ ವಯಸ್ಸಿನಲ್ಲಿ, ಭಾರತದ ಟೋಪಿ ತೊಟ್ಟರು. ಲೀಗು ಹತ್ತು ವರ್ಷ ಮೊದಲು ಬಂದಿದ್ದರೆ ಎಂದು ಮನಸ್ಸು ಕೇಳದೆ ಇರದು.

ಗ್ಯಾಲರಿಯ ಪ್ರೀತಿ

2024ರ ಲೀಗಿನ ಮೊದಲ ಭಾಗ ಬೆಂಗಳೂರಿನಲ್ಲಿ ನಡೆಯಿತು. ಕೆಂಪು ಅಂಗಿ ತೊಟ್ಟ ಹುಡುಗಿಯರು, ಅವರ ಜೊತೆ ಅಪ್ಪಂದಿರು, ಅಜ್ಜಿಯರು ಸಾಲುಗಟ್ಟಿ ಬಂದುದನ್ನು ನೋಡಿದವರು ಮರೆಯಲಾರರು. ಮಾರ್ಚ್ 17ರಂದು ದೆಹಲಿಯಲ್ಲಿ ಫೈನಲ್. ವಿಕೆಟ್ ನಷ್ಟವಿಲ್ಲದೆ 64 ರನ್ ಗಳಿಸಿದ್ದ ದೆಹಲಿ ತಂಡ ಸೋಫಿ ಮೊಲಿನೊ ಅವರ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಳೆದುಕೊಂಡು, ಕೊನೆಗೆ 113ಕ್ಕೆ ಕುಸಿಯಿತು. ಶ್ರೇಯಾಂಕಾ 12 ರನ್‌ಗೆ 4 ವಿಕೆಟ್ ಪಡೆದರು. ಹದಿನಾರು ವರ್ಷ ಪುರುಷರ ತಂಡ ತರಲಾಗದ ಕಪ್ಪನ್ನು ಹೆಣ್ಣುಮಕ್ಕಳು ಎರಡನೆಯ ವರ್ಷದಲ್ಲೇ ತಂದರು. ಎಂಟು ಪಂದ್ಯಗಳಲ್ಲಿ 13 ವಿಕೆಟ್‌ಗಳೊಡನೆ ನೇರಳೆ ಟೋಪಿಯೂ ಶ್ರೇಯಾಂಕಾ ಪಾಲಾಯಿತು. ಆ ರಾತ್ರಿ ಇಟ್ಟಮಡು, ಕತ್ರಿಗುಪ್ಪೆ, ಚಿಕ್ಕಲ್ಲಸಂದ್ರಗಳಲ್ಲೂ ಪಟಾಕಿ ಸಿಡಿಯಿತು.

ಜನರ ಪ್ರೀತಿ ಒಳ್ಳೆಯದೇ. ಆದರೆ ಅದಕ್ಕೆ ಒಂದು ಗುಣವಿದೆ. ಅದು ಒಬ್ಬಳನ್ನು ಎತ್ತಿಕೊಂಡಾಗ ಉಳಿದವರನ್ನು ಮರೆಯುತ್ತದೆ, ಕೆಲವೊಮ್ಮೆ ತುಳಿಯುತ್ತದೆ. ಅಮೆರಿಕದಲ್ಲಿ ಇದು ವಿಕಾರವಾಗಿ ಕಾಣಿಸಿತು. ಡಬ್ಲ್ಯುಎನ್‌ಬಿಎ ಆಟಗಾರ್ತಿಯರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಕ್ಲಾರ್ಕ್ ಬಿಳಿಯರು. ಅದೇ ವರ್ಷ ಏಳನೆಯವರಾಗಿ ಆಯ್ಕೆಯಾಗಿ ಷಿಕಾಗೊ ತಂಡ ಸೇರಿದ ಏಂಜೆಲ್ ರೀಸ್ ಕೂಡ ಸತತ 15 ಪಂದ್ಯಗಳಲ್ಲಿ ಅಂಕ ಮತ್ತು ರಿಬೌಂಡ್ ಎರಡರಲ್ಲೂ ಎರಡಂಕಿ ದಾಟಿ ದಾಖಲೆ ಬರೆದವರು. ಇಬ್ಬರೂ ಹೊಸಬರೇ. ಆದರೆ ಒಬ್ಬರನ್ನು ಮೆಚ್ಚುವುದೆಂದರೆ ಇನ್ನೊಬ್ಬರನ್ನು ಹಳಿಯುವುದೆಂದು ಕೆಲವರು ತಿಳಿದರು. ಸೆಪ್ಟೆಂಬರ್‌ನ ನಾಕೌಟ್ ಪಂದ್ಯಗಳ ಹೊತ್ತಿಗೆ ಇಂಡಿಯಾನಾ ಎದುರು ಆಡಿದ ಕನೆಕ್ಟಿಕಟ್ ತಂಡದ ಆಟಗಾರ್ತಿಯರು ತಮಗೆ ಬಂದ ಜನಾಂಗನಿಂದೆಯ ಬೈಗುಳಗಳ ಬಗ್ಗೆ ಬಹಿರಂಗವಾಗಿ ಮಾತನಾಡಬೇಕಾಯಿತು. ಲೀಗು ಖಂಡನೆಯ ಹೇಳಿಕೆ ಹೊರಡಿಸಿತು. ಅದು ತಡವಾಗಿ ಬಂತೆಂಬ ದೂರು ಉಳಿಯಿತು. ಆ ವರ್ಷದ ಕೊನೆಯಲ್ಲಿ ಕ್ಲಾರ್ಕ್ ತಾವೇ, ಈ ಲೀಗನ್ನು ಕಟ್ಟಿದವರು ಕಪ್ಪು ಮಹಿಳೆಯರು ಎಂದು ನೆನಪಿಸಿದರು.

ನಮ್ಮಲ್ಲಿ ಕಾಣುವ ಅಡ್ಡಪರಿಣಾಮ ಬೇರೆ ಬಗೆಯದು. ಪ್ರೀತಿ ಕೆಲವರ ತನಕ ಮಾತ್ರ ಹರಿಯುತ್ತದೆ. 2023ರ ಮಾರ್ಚ್‌ನಲ್ಲಿ ಯುಪಿ ತಂಡದ ಕಿರಣ್ ನವಗಿರೆ ಗುಜರಾತ್ ಎದುರು ಅರ್ಧಶತಕ ಹೊಡೆದಾಗ ಅವರ ಬ್ಯಾಟಿನ ಮೇಲೆ ಯಾವ ಕಂಪನಿಯ ಚೀಟಿಯೂ ಇರಲಿಲ್ಲ. ತಮ್ಮ ಆರಾಧ್ಯ ಆಟಗಾರ ಧೋನಿಯ ಹೆಸರಿನ ಅಕ್ಷರಗಳನ್ನೂ ಏಳರ ಅಂಕಿಯನ್ನೂ ಅವರೇ ಪೆನ್ನಿನಲ್ಲಿ ಬರೆದುಕೊಂಡಿದ್ದರು. ಅದಕ್ಕೂ ಮೊದಲೇ ಭಾರತ ತಂಡಕ್ಕೆ ಆಡಿದ್ದವರ ಸ್ಥಿತಿ ಇದು. ಪ್ರಾಯೋಜಕರ ಹಣ ಅಡುಗೆಮನೆಯ ಒಂದೇ ಒಲೆಯ ಹಾಗೆ. ಅದರ ಹತ್ತಿರ ಕುಳಿತವರಿಗೆ ಬಿಸಿ, ದೂರದವರಿಗೆ ಬರಿಯ ಹೊಗೆ.

ಮೈ ಕೈಕೊಟ್ಟಾಗ

ಆದರೆ ನಿಜವಾದ ಪರೀಕ್ಷೆ ಬರುವುದು ಹೊಸಬಳು ಬಿದ್ದಾಗ. ಹೆಸರು, ಹಣ, ಹಿರಿಯರ ಮನಸ್ಸು ಎಲ್ಲಕ್ಕೂ ಆಧಾರವಾಗಿರುವುದು ಒಂದು ಎಳೆಯ ಮೈ. ಕಾಲೇಜು ಅಥವಾ ರಾಜ್ಯ ಮಟ್ಟದ ಆಟದಿಂದ ಲೀಗಿಗೆ ಬಂದಾಗ ಪಂದ್ಯಗಳ ನಡುವಿನ ಬಿಡುವು ಕಡಿಮೆಯಾಗುತ್ತದೆ, ಪಯಣ ಹೆಚ್ಚುತ್ತದೆ, ಎದುರಾಳಿಗಳ ಬಲ ಹೆಚ್ಚುತ್ತದೆ. ಲೀಗು ಮುಗಿಯುತ್ತಿದ್ದಂತೆ ದೇಶದ ಶಿಬಿರ, ಅದು ಮುಗಿದರೆ ರಾಜ್ಯದ ಪಂದ್ಯಗಳು. ಬೇಡಿಕೆಯಲ್ಲಿರುವವಳಿಗೆ ಇಲ್ಲವೆನ್ನುವ ಧೈರ್ಯವಿರುವುದಿಲ್ಲ.

ವೃಂದಾ ದಿನೇಶ್ ಅವರಿಗೆ ಆದದ್ದನ್ನು ನೋಡಿ. 1 ಕೋಟಿ 30 ಲಕ್ಷದ ಹುಡುಗಿ ಎಂಬ ಹೆಸರು ಹೊತ್ತು 2024ರ ಫೆಬ್ರುವರಿ ಕೊನೆಯಲ್ಲಿ ತಮ್ಮೂರಿನ ಚಿನ್ನಸ್ವಾಮಿಯಲ್ಲೇ ಮುಂಬೈ ಎದುರು ಫೀಲ್ಡಿಂಗ್ ಮಾಡುವಾಗ ಅವರ ಭುಜದ ಕೀಲು ಜಾರಿತು. ಅಲ್ಲಿಗೆ ಆ ವರ್ಷದ ಲೀಗು ಮುಗಿಯಿತು. ಅದೇ ಹರಾಜಿನಲ್ಲಿ 2 ಕೋಟಿಗೆ ಹೋದ ಚಂಡೀಗಢದ ವೇಗದ ಬೌಲರ್ ಕಾಶ್ವೀ ಗೌತಮ್ ಗಾಯದಿಂದಾಗಿ ಆ ಋತುವಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಹರಾಜಿನ ಇಬ್ಬರು ದೊಡ್ಡ ಹೊಸಬರೂ ಹೀಗೆ ಪಕ್ಕಕ್ಕೆ ಸರಿಯಬೇಕಾಯಿತು. ತಂಡಗಳು ಅವರನ್ನು ಕೈಬಿಡಲಿಲ್ಲ ಎಂಬುದು ಹೇಳಬೇಕಾದ ಮಾತು. ಇಬ್ಬರೂ 2025ರಲ್ಲಿ ಮರಳಿ ಆಡಿದರು.

ಶ್ರೇಯಾಂಕಾ ಅವರ ದಾರಿಯೂ ಸುಗಮವಾಗಿರಲಿಲ್ಲ. 2024ರ ಜುಲೈನಲ್ಲಿ ಏಷ್ಯಾ ಕಪ್‌ನ ಮೊದಲ ಪಂದ್ಯದಲ್ಲೇ, ಪಾಕಿಸ್ತಾನದ ಎದುರು, ಎಡಗೈ ಬೆರಳು ಮುರಿಯಿತು. ಅಕ್ಟೋಬರ್‌ನ ವಿಶ್ವಕಪ್‌ಗೆ ಮರಳಿದರು. ಆಮೇಲೆ ಮತ್ತೆ ಗಾಯ. 2025ರ ಲೀಗಿಗೆ ಅವರು ಬರಲೇ ಇಲ್ಲ. ತವರಿನ ನಾಲ್ಕು ಪಂದ್ಯಗಳನ್ನೂ ಬೆಂಗಳೂರು ತಂಡ ಸೋತಿತು. ಹಿಂದಿನ ವರ್ಷ ಹೆಗಲ ಮೇಲೆ ಹೊತ್ತ ಜನ ಆ ಹೊತ್ತಿಗೆ ಬೇರೆ ಹೆಸರುಗಳನ್ನು ಕೂಗುತ್ತಿದ್ದರು.

ಈ ಕತ್ತಲಿನ ಕಾಲದಲ್ಲಿ ಒಂದು ಸಂಗತಿ ಗಮನಿಸಬೇಕಾದದ್ದು. 2025ರ ಮಾರ್ಚ್‌ನಲ್ಲಿ ಮಂಡಳಿ ವಾರ್ಷಿಕ ಕರಾರಿನ ಪಟ್ಟಿ ಹೊರಡಿಸಿದಾಗ ಆಟದಿಂದ ದೂರವಿದ್ದ ಶ್ರೇಯಾಂಕಾ ಅವರ ಹೆಸರು ‘ಸಿ’ ದರ್ಜೆಯಲ್ಲಿತ್ತು. ಮೊತ್ತ ವರ್ಷಕ್ಕೆ 10 ಲಕ್ಷ. ದೊಡ್ಡದಲ್ಲ. ಆದರೂ ‘ನೀನು ಆಡದಿದ್ದರೂ ನಮ್ಮವಳೇ’ ಎಂಬ ಮಾತು ಅದರಲ್ಲಿದೆ. ಬೆಂಗಳೂರಿನ ಹೊರವಲಯದಲ್ಲಿರುವ ಮಂಡಳಿಯ ಉತ್ಕೃಷ್ಟತಾ ಕೇಂದ್ರದಲ್ಲಿ ಇಂಥ ಗಾಯಾಳುಗಳ ಆರೈಕೆ ನಡೆಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕೆರಿಬಿಯನ್ ಲೀಗಿನ ಮೂಲಕ ಅವರು ಮರಳಿದರು. ನವೆಂಬರ್‌ನಲ್ಲಿ ಬೆಂಗಳೂರು ತಂಡ ಉಳಿಸಿಕೊಂಡ ನಾಲ್ವರಲ್ಲಿ ಅವರೂ ಒಬ್ಬರು, ಈ ಸಲ 60 ಲಕ್ಷಕ್ಕೆ. 2026ರ ಜನವರಿಯಲ್ಲಿ ಗುಜರಾತ್ ಎದುರು ಐದು ವಿಕೆಟ್ ಪಡೆದಾಗ ಮರೆತವರಿಗೆ ಮತ್ತೆ ನೆನಪಾಯಿತು.

ಕ್ಲಾರ್ಕ್ ಕೂಡ ಎರಡನೆಯ ವರ್ಷ, 2025ರಲ್ಲಿ, ಗಾಯಗಳಿಂದ 13 ಪಂದ್ಯಗಳನ್ನಷ್ಟೇ ಆಡಲು ಸಾಧ್ಯವಾಯಿತು. ಹೊಸಬಳ ಮೊದಲ ವರ್ಷವನ್ನು ಸಂಭ್ರಮಿಸುವ ಲೀಗುಗಳಿಗೆ ಅವಳ ಎರಡನೆಯ ವರ್ಷವನ್ನು ಕಾಪಾಡುವ ಕಲೆ ಇನ್ನೂ ಪೂರ್ತಿ ಕೈವಶವಾಗಿಲ್ಲ.

ಮನೆಯೇ ಇಲ್ಲದವರು

ಕ್ರಿಕೆಟ್ಟಿನ ಹುಡುಗಿಯ ಕಷ್ಟ ಮನೆಯೊಳಗಿನದು. ಉಳಿದ ಹಲವು ಆಟಗಳ ಹುಡುಗಿಯರಿಗೆ ಮನೆಯೇ ಇಲ್ಲ. ಬ್ಯಾಸ್ಕೆಟ್‌ಬಾಲನ್ನೇ ನೋಡೋಣ. 2017ರ ಜುಲೈ 29ರಂದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಎರಡನೆಯ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಅಗ್ರ ವಿಭಾಗಕ್ಕೇರಿದರು. ಅಂದು ಕುಣಿದ ಆಟಗಾರ್ತಿಯರು ಮರುದಿನ ಹಿಂದಿರುಗಿದ್ದು ಲೀಗಿಗಲ್ಲ. ನಮ್ಮಲ್ಲಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯ ಕನಸೆಂದರೆ ರೈಲ್ವೆ ನೌಕರಿ. ಕೇರಳದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯಲ್ಲಿದ್ದುಕೊಂಡೇ ಆಸ್ಟ್ರೇಲಿಯಾದಲ್ಲಿ ಆಡಿ, 2011ರಲ್ಲಿ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿ ಬಂದರು. ಜಾಗ ಸಿಗಲಿಲ್ಲ.

ಕಬಡ್ಡಿಯದು ಇನ್ನೂ ಹತ್ತಿರದ ಪಾಠ. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಎರಡು ತಂಡಗಳ ನಾಯಕಿಯರು ನಮ್ಮವರೇ. ಕಾರ್ಕಳದ ಕಡೆಯ ಮಮತಾ ಪೂಜಾರಿ ಒಬ್ಬರು, ತೇಜಸ್ವಿನಿ ಬಾಯಿ ಇನ್ನೊಬ್ಬರು. ಫೈನಲ್ ಇವರಿಬ್ಬರ ತಂಡಗಳ ನಡುವೆಯೇ ನಡೆದು 24–23ರಲ್ಲಿ ತೇಜಸ್ವಿನಿಯವರ ತಂಡ ಗೆದ್ದಿತು. ಅಷ್ಟು ಬಿಗಿಯಾದ ಪಂದ್ಯ ನೋಡಿದ ಮೇಲೂ ಮರುವರ್ಷ ಆ ಸ್ಪರ್ಧೆ ನಡೆಯಲಿಲ್ಲ. ಅಂದು ಮೊದಲ ಸಲ ಟೀವಿಯಲ್ಲಿ ಕಂಡ ಹೊಸ ಹುಡುಗಿಯರು ಅಲ್ಲಿ ಹಳಬರಾಗುವ ಭಾಗ್ಯ ಪಡೆಯಲಿಲ್ಲ. ಹೊಸಬಳನ್ನು ಲೀಗು ಹೇಗೆ ನಡೆಸಿಕೊಂಡಿತು ಎಂದು ಕೇಳಲು ಲೀಗು ಬದುಕಿರಬೇಕಲ್ಲವೇ?

ಹಾಗಾದರೆ ಹೊಸಬಳನ್ನು ಚೆನ್ನಾಗಿ ನಡೆಸಿಕೊಳ್ಳುವುದೆಂದರೇನು? ಮೇಲಿನ ಕಥೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಬಹಳ ಸರಳವಾಗಿದೆ. ಅವಳೊಬ್ಬಳನ್ನೇ ಮೆರೆಸುವುದರಿಂದ ಅವಳಿಗೂ ಲಾಭವಿಲ್ಲ. ಅವಳ ಹಿಂದಿನ ಹತ್ತು ಮಂದಿಗೆ ಊಟ ಸಿಕ್ಕರೆ ಅವಳ ಮೇಲಿನ ಭಾರ ಇಳಿಯುತ್ತದೆ. 2024ರ ಮೇನಲ್ಲಿ ಡಬ್ಲ್ಯುಎನ್‌ಬಿಎ ಎಲ್ಲ ತಂಡಗಳ ಪಯಣಕ್ಕೂ ವಿಶೇಷ ವಿಮಾನ ಒದಗಿಸಲು ಒಪ್ಪಿತು. ಹಿರಿಯರು ವರ್ಷಗಟ್ಟಲೆ ಕೇಳಿ ಸಿಗದಿದ್ದುದು ಕ್ಲಾರ್ಕ್ ಬಂದ ವರ್ಷ ಎಲ್ಲರಿಗೂ ಸಿಕ್ಕಿತು. ಸೊಸೆಯ ಕಾಲ್ಗುಣದಿಂದ ಅತ್ತೆಗೂ ಮಂಚ ಬಂದ ಹಾಗೆ.

ನಮ್ಮಲ್ಲೂ ಅಂಥ ಕೆಲವು ಹೆಜ್ಜೆಗಳಾಗಿವೆ. 2022ರಲ್ಲಿ ಅಂತರರಾಷ್ಟ್ರೀಯ ಪಂದ್ಯದ ಶುಲ್ಕ ಪುರುಷರಷ್ಟೇ ಆಯಿತು. 2025ರ ನವೆಂಬರ್ 2ರಂದು ಭಾರತ ವಿಶ್ವಕಪ್ ಗೆದ್ದ ಮೇಲೆ, ಡಿಸೆಂಬರ್‌ನಲ್ಲಿ, ಹಿರಿಯರ ದೇಶೀ ಕ್ರಿಕೆಟ್ ಆಡುವ ಮಹಿಳೆಯ ದಿನದ ಶುಲ್ಕ 20 ಸಾವಿರದಿಂದ 50 ಸಾವಿರಕ್ಕೆ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಐದು ತಂಡಗಳ ಮಹಾರಾಣಿ ಟ್ರೋಫಿ ಆರಂಭಿಸಿತು. ಕೋಟಿಯ ಹರಾಜಿನಷ್ಟು ಇವು ಸುದ್ದಿಯಾಗಲಿಲ್ಲ. ಆದರೆ ಹರಾಜಿನಲ್ಲಿ ಹೆಸರು ಬರದ ಹುಡುಗಿ ಮುಂದಿನ ವರ್ಷದ ತನಕ ಆಟದಲ್ಲಿ ಉಳಿಯುವುದು ಇವುಗಳಿಂದಲೇ.

ಇಟ್ಟಮಡುವಿನ ಆಟೋ ಅಷ್ಟು ಹೊತ್ತಿಗೆ ಮುಖ್ಯರಸ್ತೆ ಸೇರಿರುತ್ತದೆ. ಎದುರುಮನೆಯವರಿಗೆ ಆ ತಾಯಿ ಏನು ಉತ್ತರ ಕೊಟ್ಟರೋ, ನಕ್ಕು ಸುಮ್ಮನಾದರೋ. ಮುಂದಿನ ಭಾನುವಾರ ಆ ಹುಡುಗಿ ಮತ್ತೆ ಚೀಲ ಎಳೆದುಕೊಂಡು ಬಂದಾಗ ಕೋಟಿಯ ಮಾತನ್ನು ಒಂದಿಷ್ಟು ಬದಿಗಿಟ್ಟು, ‘ಮೊಣಕಾಲು ನೋವು ಹೇಗಿದೆ ಪುಟ್ಟಿ, ತಿಂಡಿ ತಿಂದ್ಯಾ?’ ಎಂದು ಕೇಳಿದರೆ ಚೆನ್ನ. ಲೀಗುಗಳು ಕಲಿಯಬೇಕಾದ ಪ್ರಶ್ನೆಯೂ ಅದೇ.